ಒಂದು ಕೈಯಲ್ಲಿ ಹಿಡಿಯುವಂಥದು

ಜನವರಿ 16, 2025, ಗುರುವಾರ. ಅಫಜಲಪುರ

ಈ ಡೈರಿಯನ್ನು ಯಾರೂ ಕೊಳ್ಳಲಿಲ್ಲ. ಮಾರ್ಚ್ ತಿಂಗಳ ಹಾಳೆಗಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದಾರೆ. ಮೂವತ್ತು ವರ್ಷದಿಂದ ಈ ಅಂಗಡಿಯಲ್ಲಿ ನೋಟುಬುಕ್ಕು, ಪಂಚಾಂಗ, ಡೈರಿ ಮಾರುತ್ತ ಬಂದಿದ್ದೇನೆ, ನಾನಾಗಿ ಒಂದರಲ್ಲೂ ಬರೆದವನಲ್ಲ. ಇವತ್ತು ಬರೆಯುತ್ತಿರುವುದು ಇಷ್ಟಕ್ಕೇ: ಇವತ್ತಿನ ಸಂಗತಿಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ.

ಮಧ್ಯಾಹ್ನ ಫೋನು ಬಂತು. ಹುಡುಗಿಯ ದನಿ. "ಶಾಂತಲಿಂಗಪ್ಪ ಮಾಮಾ ಅವರೇನ್ರಿ? ನಾ ಐಶ್ವರ್ಯಾ ಮಾತಾಡಾಕತ್ತೇನ್ರಿ, ಜೇವರ್ಗಿಯಿಂದ."

ಜೇವರ್ಗಿಯವಳು ನನ್ನ ಒಬ್ಬಳೇ ತಂಗಿ. ಇಪ್ಪತ್ಮೂರು ವರ್ಷದ ಹಿಂದೆ ಪ್ರಭುದಾಸ ಎಂಬ ಕಂಪೌಂಡರನನ್ನು ಮದುವೆಯಾಗಿ ಅವರ ಚರ್ಚಿಗೆ ಸೇರಿದಳು. ಅಂದಿನಿಂದ ಈ ಮನೆಯಲ್ಲಿ ಅವಳ ಹೆಸರು ಎತ್ತುವವರಿಲ್ಲ. ಈ ಹುಡುಗಿ ಅವಳ ಮಗಳು. ನಾನು ಅವಳ ಮುಖ ನೋಡಿಲ್ಲ.

"ಅವ್ವಗ ಕಿಡ್ನಿ ಕೆಟ್ಟಾವ್ರಿ ಮಾಮಾ. ಸೋಮವಾರ, ಗುರುವಾರ ಕಲಬುರಗಿಗೆ ಡಯಾಲಿಸಿಸ್‌ಗೆ ಹೋಗ್ತೇವ್ರಿ. ನಾಕು ತಾಸು ಎಡಗೈ ಅಲ್ಲಾಡಸಂಗಿಲ್ಲ. ಮನಿಯಾಗಿನ ಬೈಬಲ್ ಭಾಳ ವಜ್ಜ ಅದ, ಒಂದು ಕೈಲೆ ಹಿಡಿಯಾಕ ಆಗಂಗಿಲ್ರಿ. ಬಸ್ಸಿನಾಗ ಒಯ್ಯೂವಂಥದು, ದಿನಾ ಓದೂವಂಥದು ಸಣ್ಣದೊಂದು ಬೇಕಂತ. ಆದ್ರ ಅಕ್ಷರ ಸಣ್ಣವಿರಬಾರ್ದು, ಸಕ್ಕರಿಯಿಂದ ಕಣ್ಣು ಮಂಜಾಗ್ಯಾವು. 'ನಿಮ್ಮ ಮಾಮಾಗ ಪುಸ್ತಕದ್ದು ಎಲ್ಲಾ ತಿಳೀತದ, ಅವಂಗ ಕೇಳು' ಅಂದ್ಲು."

"ನೋಡ್ತೇನಿ" ಎಂದೆ. ಅಷ್ಟೇ. ಇಪ್ಪತ್ಮೂರು ವರ್ಷದ ಮೇಲೆ ಅವಳು ನನ್ನಲ್ಲಿ ಕೇಳಿದ್ದು ನನ್ನ ಅಂಗಡಿಯಲ್ಲಿ ಇಲ್ಲದ ಒಂದೇ ಪುಸ್ತಕವನ್ನು.

ಜನವರಿ 20, ಸೋಮವಾರ

ಕಾಗದ ತರಲು ಕಲಬುರಗಿಗೆ ಹೋಗುವುದಿತ್ತು, ಅದಕ್ಕೇ ಹೋದೆ. ಬರುವಾಗ ಚರ್ಚಿನ ಹತ್ತಿರದ ಪುಸ್ತಕದಂಗಡಿ ಕಂಡಿತು. ಒಳಗೆ ಹೋಗುವ ಮೊದಲು ಕರವಸ್ತ್ರದಿಂದ ಹಣೆ ಒರೆಸಿಕೊಂಡೆ. ಬೆವರು ಬಂದಿತ್ತು. ಜನವರಿಯಲ್ಲಿ ಎಂಥ ಬೆವರು ಎಂದು ಈಗ ಬರೆಯುವಾಗ ಅನಿಸುತ್ತಿದೆ. ವಿಭೂತಿಯೆಲ್ಲ ಕರವಸ್ತ್ರಕ್ಕೆ ಬಂತು.

ಅಂಗಡಿಯವರು ಹದಿನೈದು ಬಗೆ ತೋರಿಸಿದರು. ಜಿಪ್ ಇರುವವು, ಅಂಚಿಗೆ ಬಂಗಾರದ ಬಣ್ಣ ಬಳಿದವು, ಅಂಗೈಯಲ್ಲಿ ಮುಚ್ಚಿಹೋಗುವವು. ಯಾರಿಗೆ ಎಂದು ಕೇಳಿದರು. ಗಿರಾಕಿಗೆ ಎಂದೆ. ತೆಳ್ಳಗಿನ ಮರೂನು ರಟ್ಟಿನದೊಂದು ಆರಿಸಿದೆ. ಅಕ್ಷರ ದಪ್ಪ, ತೂಕ ಇಲ್ಲವೇ ಇಲ್ಲ. ಬಸ್ಸಿನಲ್ಲಿ ನಿಂತು ಒಂದೇ ಕೈಯಲ್ಲಿ ಹಿಡಿದು ನೋಡಿದೆ, ಹವಳಗಾದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ಬಸ್ಸು ಅರ್ಧ ತಾಸು ನಿಂತರೂ ಕೈ ಸೋಲಲಿಲ್ಲ. ಪುಸ್ತಕ ಆರಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜನವರಿ 22, ಬುಧವಾರ

ಫೋಟೋ ಕಳಿಸಿದೆ. ಹುಡುಗಿ ಫೋನು ಮಾಡಿ ನಗುವುದನ್ನು ತಡೆದುಕೊಳ್ಳುತ್ತ ಹೇಳಿದಳು, "ಮಾಮಾ, ಇದು ಅರ್ಧಾ ಅದರಿ. ಬರೇ ಹೊಸ ಒಡಂಬಡಿಕೆ. ಹಳೇದು ಇದರಾಗ ಇಲ್ಲ. ಅದಕ್ಕ ಅಷ್ಟು ಹಗುರ."

ಎರಡು ಭಾಗ ಇರುತ್ತವೆ ಎಂದು ನನಗೇನು ಗೊತ್ತು. ಅರ್ಧ ಪಂಚಾಂಗ ಕೊಟ್ಟು ಗಿರಾಕಿ ಕೈಯಲ್ಲಿ ಬೈಸಿಕೊಂಡಂತಾಯಿತು. ಫೋನಿನಲ್ಲಿ ಹುಡುಗಿಯ ಹಿಂದೆ ಇನ್ನೊಬ್ಬರ ನಗು ಕೇಳಿತು, ಕೆಮ್ಮು ಬೆರೆತ ನಗು. ಆ ನಗು ನನಗೆ ಗೊತ್ತು. ಫೋನು ಇಟ್ಟುಬಿಟ್ಟೆ.

ಜನವರಿ 29, ಬುಧವಾರ

ಶಿವಕಾಂತಾ ಪುಸ್ತಕವನ್ನು ನನ್ನ ಚೀಲದಲ್ಲಿ ಕಂಡಳು. ಮದುವೆಯಾಗಿ ಮೂವತ್ತು ವರ್ಷವಾದ ಹೆಂಡತಿಯಿಂದ ಏನು ಮುಚ್ಚಿಡಲು ಬರುತ್ತದೆ.

"ಸುವರ್ಣಾಂದೇನ್ರಿ?" ತಂಗಿಯ ಹೆಸರನ್ನು ಅವಳೇ ಎತ್ತಿದಳು.

"ಅಕಿದಲ್ಲ. ಅಕಿಗಿ ಬ್ಯಾರೆ ಬೇಕು. ಇದು ಅರ್ಧಾ ಅದ."

"ಅರ್ಧಾ ಇದ್ದದ್ದು ನೀವ್ಯಾಕ ದಿನಾ ಚೀಲದಾಗ ಇಟ್ಕೊಂಡು ತಿರಗಾಕತ್ತೀರಿ?"

ಅಕ್ಷರ ಎಷ್ಟು ದೂರದಿಂದ ಕಾಣುತ್ತವೆ ಎಂದು ಪರೀಕ್ಷೆ ಮಾಡುತ್ತಿದ್ದೇನೆ ಎಂದೆ. ಖರೇನೇ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನಾಲ್ಕು ಪುಟ ಓದುತ್ತೇನೆ, ಕನ್ನಡಕ ಹಾಕಿ, ಕನ್ನಡಕ ತೆಗೆದು. ಫೋನು ಬಂದದ್ದು, ಕಿಡ್ನಿಯ ಸಂಗತಿ, ಎಲ್ಲ ಅವಳಿಗೆ ಹೇಳಲೇಬೇಕಾಯಿತು. "ಅತ್ತಿಯವರಿಗಿ ಹೇಳ್ರಿ, ಮಗಳಿಗಿ ಆರಾಮಿಲ್ಲ ಅಂತ" ಎಂದಳು. ಅವ್ವ ಆಗ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಎಂಬತ್ತೊಂದು ತುಂಬಿದರೂ ಕಿವಿ ಚುರುಕು. ನಾನು ಶಿವಕಾಂತಾಗೆ ಸುಮ್ಮನಿರು ಎಂದು ಕೈಮಾಡಿದೆ.

ಫೆಬ್ರವರಿ 4, ಮಂಗಳವಾರ. ಆಳಂದ

ಮತ್ತೆ ಕಲಬುರಗಿಗೆ ಹೋಗಿ ಪೂರ್ತಿ ಪುಸ್ತಕ ತಂದಿದ್ದೆ. ಎರಡೂ ಭಾಗ ಇವೆ, ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಅಕ್ಷರ ಪರವಾಗಿಲ್ಲ. ಒಂದೇ ದೋಷ, ಬೆನ್ನಿಗೆ ಬರೀ ಗೋಂದು. ತೆರೆದರೆ ನಿಲ್ಲುವುದಿಲ್ಲ. ಅದಕ್ಕೇ ಇವತ್ತು ಆಳಂದದ ಮುಜೀಬನ ಹತ್ತಿರ ಬಂದೆ. ಅಂಗಡಿಗಳ ಲೆಕ್ಕದ ವಹಿಯಿಂದ ಹಿಡಿದು ಕುರಾನಿನವರೆಗೆ ಅವನು ಬೈಂಡು ಮಾಡಿದ್ದು ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಅವನು ಎದ್ದುಹೋಗಿ ಕೈ ತೊಳೆದುಕೊಂಡು ಬಂದು ಪುಸ್ತಕ ತೆರೆದ. "ಇದು ಓದೂ ಪುಸ್ತಕ ಅಲ್ರಿ, ಮಾರೂ ಪುಸ್ತಕ. ಕೈ ಬಿಟ್ರ ಮುಚ್ಚಕೋತದ. ಬಿಚ್ಚಿ ದಾರದಿಂದ ಹೊಲೀತೇನಿ. ಹಿಂದಿನ ರಟ್ಟಿಗೆ ಒಂದು ಚರ್ಮದ ಪಟ್ಟಿ ಹಚ್ಚಿದ್ರ ಅದರಾಗ ನಾಕು ಬಳ್ಳು ಹಾಕಿ ಹಿಡೀಬಹುದು, ಬೀಳಂಗಿಲ್ಲ. ಯಾರಿಗ್ರಿ?"

"ಒಬ್ಬ ಗಿರಾಕಿಗೆ."

"ಯಾ ಗಿರಾಕಿ ಸಲವಾಗಿ ಸಾಹುಕಾರ್ರು ಆಳಂದತನಾ ಬಂದೀರಿ?" ನಕ್ಕ. ನಾನು ನಗದಿದ್ದುದನ್ನು ಕಂಡು ಪುಸ್ತಕದ ಬೆನ್ನು ತಿರುವಿ ನೋಡಿದ. "ಇರಲಿ ಬಿಡ್ರಿ. ಆದ್ರ ಕೈ ಅಳತಿ ಬೇಕು. ಸಡ್ಲಾದ್ರ ಜಾರತದ, ಬಿಗಿಯಾದ್ರ ಕೈ ಹೋಗಂಗಿಲ್ಲ."

ತಂಗಿಯ ಕೈ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿಲ್ಲ. ಶಾಲೆಗೆ ಹಿಡಿದುಕೊಂಡು ಹೋಗುತ್ತಿದ್ದ ಕೈ. ಸಣ್ಣದಿತ್ತು.

ಫೆಬ್ರವರಿ 12, ಬುಧವಾರ

ಅವಳ ಕೈ ಅವ್ವನ ಕೈಯಂತೆಯೇ ಎಂದು ಎಲ್ಲರೂ ಅನ್ನುತ್ತಿದ್ದರು. ಇವತ್ತು ದಾರ ತೆಗೆದುಕೊಂಡು ಅವ್ವನ ಅಂಗೈ ಸುತ್ತ ಅಳೆದೆ. ಮುಜೀಬನಿಗೆ ಇಂಚಿನಲ್ಲಿ ಫೋನು ಮಾಡಿ ಹೇಳಿದ್ದೂ ಆಯಿತು.

"ಏನ್ ಮಾಡಾಕತ್ತಿ ಶಾಂತ್ಯಾ?"

"ಚಳಿಗಿ ಕೈಗವಸ ತರತೇನಿ ಯವ್ವಾ."

"ಬ್ಯಾಸಿಗಿ ಬಾಗಲಿಗಿ ಬಂದದ, ಈಗ ಕೈಗವಸ ತರತಾನಂತ." ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಗ ಕೈ ಹಿಡಿದದ್ದೇ ಸಂತೋಷ ಎಂಬಂತೆ ಕೂತಿದ್ದಳು. ನನಗೆ ಆ ಮುಖ ನೋಡಲಾಗಲಿಲ್ಲ.

ಚೀಲದಲ್ಲಿರುವ ಆ ಅರ್ಧದ ಪುಸ್ತಕ ಓದಿ ಮುಗಿಯಲು ಬಂತು. ಅಲ್ಲಿಯೂ ಒಡಹುಟ್ಟಿದವರು ಒಬ್ಬರಿಗೊಬ್ಬರು ನೆಟ್ಟಗಿಲ್ಲ.

ಫೆಬ್ರವರಿ 17, ಸೋಮವಾರ

ಪುಸ್ತಕ ತಯಾರಾಗಿ ಬಸ್ಸಿನಲ್ಲಿ ಬಂತು. ಚೆನ್ನಾಗಿದೆ. ಎಲ್ಲಿ ತೆರೆದರೆ ಅಲ್ಲಿಯೇ ನಿಲ್ಲುತ್ತದೆ. ಹೇಳಲು ಫೋನು ಮಾಡಿದೆ. ಹುಡುಗಿ ಎತ್ತುತ್ತಾಳೆಂದುಕೊಂಡಿದ್ದೆ. ಎತ್ತಿದ್ದು ಸುವರ್ಣಾ.

"ಅಣ್ಣಾ" ಎಂದಳು. ಹಿಂದೆ ಡಯಾಲಿಸಿಸ್ ಯಂತ್ರದ ಸದ್ದು ಕೇಳುತ್ತಿತ್ತು.

"ಅವ್ವ ಹ್ಯಾಂಗ ಇದ್ದಾಳ?"

"ಆರಾಮ ಇದ್ದಾಳ."

"ಅಣ್ಣಾ, ಒಂದು ಕೇಳ್ತೇನಿ, ಸಿಟ್ಟಿಗಿ ಬರಬ್ಯಾಡ. ನಾ ನಿನ್ನ ಕೈಯಾಗ ಕೊಟ್ಟ ಲಿಂಗ ಅವ್ವನ ಹತ್ರಾ ಅದ ಇಲ್ಲೋ? ಅದನ್ನ ನೋಡಿದ್ರೂ ಅಕಿಗಿ ಒಂದು ದಿನ ಕರೀಬೇಕು ಅನಸಲಿಲ್ಲಲ್ಲ ಅಂತ, ಇಲ್ಲಿ ಮಲಗಿದಾಗ ಅದಾ ವಿಚಾರ ಬರ್ತದ."

"ಅದ" ಎಂದೆ. "ಅವ್ವನ ಹತ್ರಾ ಅದ."

"ಹಂಗಾದ್ರ ಸಣ್ಣ ಪುಸ್ತಕ ಬಂದ ಮ್ಯಾಲ ಚೀಲದಾಗ ಹಾಕ್ಕೊಂಡು ನಾನಾ ಬಂದ್ಬಿಡ್ತೇನಿ ಒಂದು ದಿನ. ಕರೀಲಿ ಬಿಡಲಿ."

ಪುಸ್ತಕ ಮೇಜಿನ ಮೇಲಿದೆ. ಕೊಟ್ಟರೆ ಅವಳು ಬರುತ್ತಾಳೆ. ರಟ್ಟಿನ ಬಣ್ಣ ಒಂದು ಕಡೆ ಸ್ವಲ್ಪ ಮಾಸಿದಂತಿದೆ, ಸರಿಮಾಡಿಸಿಯೇ ಕಳಿಸಬೇಕು.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಮುಂಜಾನೆ ಅವ್ವ ಕೊರಳ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಒಂದು ತಾಸು ಕೂತಳು. ನಾನು ಪಕ್ಕದಲ್ಲಿ ನನ್ನದನ್ನು ಹಿಡಿದು ಕೂತಿದ್ದೆ. ಕಣ್ಣು ಲಿಂಗದ ಮೇಲಿತ್ತು, ಮನಸ್ಸು ಕಟ್ಟಿಸಂಗಾವಿಯ ಸೇತುವೆಯ ಮೇಲೆ.

ಬರೆದುಬಿಡುತ್ತೇನೆ. ಇಲ್ಲಿಯಾದರೂ ಬರೆಯದಿದ್ದರೆ ಎಲ್ಲಿ ಬರೆಯಲಿ.

ಇಪ್ಪತ್ಮೂರು ವರ್ಷದ ಹಿಂದೆ, ಅವಳ ಮದುವೆಯಾದ ಮೇಲೆ, ನಾನು ಜೇವರ್ಗಿಗೆ ಹೋಗಿದ್ದು ಅವಳನ್ನು ಬೈಯಲು. ಬೈದೆ. ಅವಳು ಒಳಗೆ ಹೋಗಿ ಬಿಳಿ ಅರಿವೆಯಲ್ಲಿ ಸುತ್ತಿದ ಕರಡಿಗೆ ತಂದು ನನ್ನ ಕೈಯಲ್ಲಿಟ್ಟಳು. "ಅವ್ವ ಕಟ್ಟಿದ್ದು, ಅವ್ವನ ಕೈಯಾಗಾ ಕೊಡು. ನಾ ಇದನ್ನ ಒಗದಿಲ್ಲಂತ ಹೇಳು. ಜ್ವಾಕಿ ಇಟ್ಕೊ ಅಂದ್ಲಂತ ಹೇಳು" ಎಂದಳು.

ಕಲಬುರಗಿಗೆ ಬರುವ ಬಸ್ಸು ಕಟ್ಟಿಸಂಗಾವಿಯ ಭೀಮಾ ಸೇತುವೆಗೆ ಬಂದಾಗ ಅದನ್ನು ಕಿಟಕಿಯಿಂದ ಒಗೆದೆ. ಸಿಟ್ಟು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬರೀ ಸಿಟ್ಟಲ್ಲ. ಕೊಟ್ಟರೆ ಅವ್ವ ಕರಗುತ್ತಾಳೆ, ಅವಳನ್ನು ಮನೆಗೆ ಕರೆಯುತ್ತಾಳೆ, ಊರವರ ಮುಂದೆ, ಮಠದವರ ಮುಂದೆ ನಾನು ತಲೆ ತಗ್ಗಿಸಬೇಕಾಗುತ್ತದೆ ಎಂಬ ಲೆಕ್ಕ ಇತ್ತು. ಮನೆಗೆ ಬಂದು ಅವ್ವನಿಗೆ ಹೇಳಿದೆ, "ಅಕಿ ಲಿಂಗಾ ಹೊಳಿಗಿ ಒಗದ್ಲು, ನನ್ನ ಕಣ್ಣ ಮುಂದ." ಅವ್ವ ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು, ಸತ್ತವರಿಗೆ ಸುರಿದುಕೊಂಡಂತೆ. ಅಲ್ಲಿಂದ ಆ ಹೆಸರು ಎತ್ತಿಲ್ಲ.

ಸತ್ತವರ ಕೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುವ ಜನ ನಾವು. ಬದುಕಿದ್ದ ತಂಗಿಯದನ್ನು ನಾನು ನೀರಿಗೆ ಹಾಕಿದೆ.

ಮಾರ್ಚ್ 3, ಸೋಮವಾರ

ಇಲ್ಲಿಂದ ಡೈರಿ ತಿರುಗಿಸಿ ಹಿಡಿದು ಬರೆಯಬೇಕು.

ಕಲಬುರಗಿಯ ಆಸ್ಪತ್ರೆಗೆ ಹೋದೆ. ಸಾಲಾಗಿ ಮಂಚ, ಮೂರನೆಯದರಲ್ಲಿ ಸುವರ್ಣಾ. ಮುಖ ಊದಿದೆ, ಕೂದಲು ತೆಳ್ಳಗಾಗಿದೆ. ಎಡಗೈಯಿಂದ ಎರಡು ಕೊಳವೆ. ನಾನು ಬಂದದ್ದನ್ನು ಕಂಡು ಏಳಲು ಹೋದಳು, ಐಶ್ವರ್ಯಾ ಹಿಡಿದು ಮಲಗಿಸಿದಳು. ಪುಸ್ತಕ ಕೊಟ್ಟೆ. ಬಲಗೈಯ ನಾಲ್ಕು ಬೆರಳು ಪಟ್ಟಿಯೊಳಗೆ ಹಾಕಿದಳು. ಸರಿಯಾಗಿ ಕೂತಿತು, ಒಂದು ಎಳೆ ಹೆಚ್ಚು ಕಡಿಮೆ ಇಲ್ಲ.

"ನನ್ನ ಕೈ ಅಳತಿ ನಿನಗ ಹ್ಯಾಂಗ ನೆನಪದ ಅಣ್ಣಾ?"

ಅವ್ವನ ಕೈ ಅಳೆದೆ ಎಂದೆ. ಅವಳು ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡಳು. ಅಳುತ್ತಿದ್ದಳೋ ಏನೋ. ಆಮೇಲೆ, "ಈ ಐತವಾರ ಬರತೇನಿ. ಅವ್ವಗ ಹೇಳಿಡು" ಎಂದಳು.

ಆಗಲೇ ಹೇಳಬೇಕಿತ್ತು. ನರ್ಸು ಬಂದರು, ಬಿಪಿ ನೋಡಿದರು, ಹುಡುಗಿ ಚಹಾ ತಂದಳು. ಹೇಳದಿರಲು ನೆಪಗಳಿಗೆ ಬರವಿಲ್ಲ.

ಮಾರ್ಚ್ 6

ಹೇಳಿಲ್ಲ.

ಮಾರ್ಚ್ 8, ಶನಿವಾರ

ಅವ್ವ ಬತ್ತಿ ಹೊಸೆಯುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ಸುವರ್ಣಾಳ ಕಿಡ್ನಿ, ನಾಳೆ ಬರುವುದು, ಅರಿವೆಯಲ್ಲಿ ಸುತ್ತಿಕೊಟ್ಟ ಕರಡಿಗೆ, ಸೇತುವೆ. ಅವಳು ಹೇಳಿ ಕಳಿಸಿದ ಮಾತನ್ನೂ ಹೇಳಿದೆ.

ಅವ್ವ ಕೈಯಲ್ಲಿದ್ದ ಬತ್ತಿಯನ್ನು ಪೂರ್ತಿ ಹೊಸೆದು ಇಟ್ಟಳು.

"ಯಾ ತಿಂಗಳದಾಗ?"

"ಶ್ರಾವಣ ಯವ್ವಾ."

"ಶ್ರಾವಣದಾಗ ಹೊಳಿ ತುಂಬಿರ್ತದ" ಎಂದಳು. ಮತ್ತೊಂದು ಬತ್ತಿಗೆ ಅರಳೆ ಎತ್ತಿಕೊಂಡು, ನನ್ನ ಕಡೆ ನೋಡದೆ, "ಇಪ್ಪತ್ಮೂರು ವರ್ಷ ನಾ ಅಕಿ ಹೆಸರ ಬಾಯಾಗ ಹಿಡದಿಲ್ಲ. ಉಂಡಾಗ ನೆನಸಿಲ್ಲ. ಬ್ಯಾನಿ ತಿಂದು ಹಡದವಳನ್ನ ಸತ್ತಾಳಂತ ತಿಳಕೊಂಡೆ. ನಿನ್ನ ಮಾತು ಕೇಳಿ."

ಬೈಯಲಿಲ್ಲ, ಅಳಲಿಲ್ಲ. ಸಂಜೆ ನಾನು ಕೊಟ್ಟ ಚಹಾದ ಬಟ್ಟಲು ಹಾಗೇ ಇತ್ತು. ಶಿವಕಾಂತಾ ಬೇರೆ ಮಾಡಿ ಕೊಟ್ಟದ್ದನ್ನು ಕುಡಿದಳು.

ಮಾರ್ಚ್ 9, ಐತವಾರ

ಬೆಳಗಿನಿಂದ ಅವ್ವ ಹೊಸ್ತಿಲಲ್ಲೇ ಕೂತಿದ್ದಳು. ಹನ್ನೊಂದಕ್ಕೆ ಸುವರ್ಣಾ ಮಗಳ ಭುಜ ಹಿಡಿದು ಬಂದಳು. ಅವ್ವ ಎದ್ದು ನಿಲ್ಲಲು ಹೋಗಿ ಆಗದೆ ಕೂತಲ್ಲಿಂದಲೇ ಎರಡೂ ಕೈ ಚಾಚಿದಳು. ಇಬ್ಬರೂ ಹೊಸ್ತಿಲಲ್ಲೇ ಕೂತು ಅತ್ತರು. ಓಣಿಯವರೆಲ್ಲ ನೋಡಿದರು. ಯಾರ ಕಣ್ಣಿಗೆ ನಾನು ಇಷ್ಟು ವರ್ಷ ಅಂಜಿದ್ದೆನೋ ಅದೇ ಸಾಬವ್ವ ಎದುರು ಮನೆಯಿಂದ ನೀರು ತಂದು ಕೊಟ್ಟಳು, ಅಷ್ಟೇ.

ಉಂಡ ಮೇಲೆ ಸುವರ್ಣಾ ಮೆಲ್ಲಗೆ ಕೇಳಿದಳು, "ಯವ್ವಾ, ನಾ ಕೊಟ್ಟಿದ್ದು ಒಮ್ಮೆ ತೋರಸ್ತಿಯೇನು?"

ನಾನು ಹೇಳುವಷ್ಟರಲ್ಲಿ ಅವ್ವ ಹೇಳಿದಳು. "ಹೊಳ್ಯಾಗ ಅದ. ಕಟ್ಟಿಸಂಗಾವಿ ಹೊಳ್ಯಾಗ. ಇಂವ ಹಾಕ್ಯಾನ."

ಸುವರ್ಣಾ ನನ್ನನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಲೆಕ್ಕ ಹಾಕುವವರಂತೆ ನೋಡಿದಳು. "ಹೋಗಿ ಬಂದು, ವಾರಕ್ಕ ನಾಕು ಸಲ ಅದರ ಮ್ಯಾಲೆ ದಾಟತೇನಿ ಅಣ್ಣಾ" ಎಂದಳು. "ಒಂದು ಮಾತು ಹೇಳಬೇಕಿತ್ತು."

ತಪ್ಪಾಯಿತು ಎಂದೆ. ಎಷ್ಟು ಸಣ್ಣ ಮಾತು ಅದು.

ಮಾರ್ಚ್ 10

ಅವ್ವ ಸುವರ್ಣಾಳ ಜೊತೆ ಹೋದಳು, ಕಲಬುರಗಿಯಲ್ಲಿ ಡಯಾಲಿಸಿಸ್ ಮುಗಿಸಿಕೊಂಡು ಜೇವರ್ಗಿಗೆ. ಟ್ರಂಕು, ಪೂಜೆಯ ಬುಟ್ಟಿ, ಎರಡು ಕೌದಿ. ನಾಲ್ಕು ದಿನಕ್ಕೆ ಅಲ್ಲ. ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ತೆಗೆದುಕೊಂಡು ಜೀಪು ಹತ್ತಿದಳು.

ಮಾರ್ಚ್ 19

ಶಿವಕಾಂತಾ ಎರಡು ಸಲ ಹೋಗಿ ಬಂದಳು. ಪ್ರಭುದಾಸ ಅತ್ತೆಯ ಪೂಜೆಗೆ ಬೇರೆ ಮೂಲೆ ಮಾಡಿಕೊಟ್ಟಿದ್ದಾನಂತೆ, ದಿನಾ ಪತ್ರಿ ತಂದುಕೊಡುತ್ತಾನಂತೆ. ಅವ್ವ ನನ್ನ ವಿಷಯ ಕೇಳಿದಳಾ ಎಂದೆ. ಶಿವಕಾಂತಾ ಸೊಪ್ಪು ಬಿಡಿಸತೊಡಗಿದಳು.

ಏಪ್ರಿಲ್ 2, ಬುಧವಾರ

ಡೈರಿ ನೆಟ್ಟಗಾಯಿತು.

ಜೇವರ್ಗಿಯಿಂದ ಬಂದ ಬಸ್ಸಿನ ಕಂಡಕ್ಟರು ಅಂಗಡಿಗೆ ಬಂದು ಒಂದು ಪೊಟ್ಟಣ ಕೊಟ್ಟುಹೋದ. ಬಿಚ್ಚಿದರೆ ಮುಜೀಬ ಚರ್ಮದ ಪಟ್ಟಿ ಹಚ್ಚಿದ ಅದೇ ಸಣ್ಣ ಪುಸ್ತಕ. ಸಿಟ್ಟಿನಿಂದ ಕಳಿಸಿದ್ದಾಳೆಂದುಕೊಂಡೆ. ಐಶ್ವರ್ಯಾಳಿಗೆ ಫೋನು ಮಾಡಿದೆ.

"ಸಿಟ್ಟಲ್ರಿ ಮಾಮಾ. ಅವ್ವಗ ಈಗ ಮನಿಯಾಗಿನ ದೊಡ್ಡದಾ ನಡೀತದಂತ್ರಿ. ಅಜ್ಜಿ ಪ್ರತೀ ಸಲ ಸಂಗಾಟ ಬರ್ತಾಳ. ತೊಡಿ ಮ್ಯಾಲ ತಲೆದಿಂಬು ಇಟ್ಕೊಂಡು, ಅದರ ಮ್ಯಾಲ ದೊಡ್ಡದು ಹಿಡ್ಕೊಂಡು ಕೂಡ್ತಾಳ. ಅಕಿಗಿ ಓದಾಕ ಬರಂಗಿಲ್ಲ, ಅವ್ವ ಹ್ಞೂಂ ಅಂದಾಗ ಹಾಳಿ ತಿರುವಿ ಕೊಡ್ತಾಳ. ನಿಮ್ಮ ಮಾಮಾ ಭಾಳ ತಿರಗತಾನ, ಇದು ಅವಂಗ ಇರಲಿ ಅಂತ ಅವ್ವ ಕಳಸ್ಯಾಳ್ರಿ."

ನಾನು ಬರಬಹುದೇ ಎಂದು ಕೇಳಿದೆ. ಹುಡುಗಿ ಒಳಗೆ ಯಾರನ್ನೋ ಕೇಳಿ ಬಂದಳು. "ಆಸ್ಪತ್ರಿಗಿ ಯಾರ ಬೇಕಾದವ್ರು ಬರತಾರ, ಅಂತಾಳ್ರಿ ಅಜ್ಜಿ."

ಏಪ್ರಿಲ್ 10, ಗುರುವಾರ

ಕಲಬುರಗಿಗೆ ಹೋಗಿದ್ದೆ. ಕಾಗದ ತರುವುದೇನೂ ಇರಲಿಲ್ಲ. ವಿಭೂತಿ ಒರೆಸಿಕೊಂಡೆನೋ ಇಲ್ಲವೋ ನೆನಪಿಲ್ಲ.

ಗಾಜಿನ ಬಾಗಿಲಿನಿಂದ ನೋಡಿದೆ. ಹುಡುಗಿ ಹೇಳಿದಂತೆಯೇ ಇತ್ತು. ತಲೆದಿಂಬು, ಅದರ ಮೇಲೆ ಕರಿ ರಟ್ಟಿನ ದೊಡ್ಡ ಬೈಬಲ್, ಎರಡೂ ಕಡೆ ಅವ್ವನ ಕೈ. ಕೊರಳಲ್ಲಿ ಕರಡಿಗೆ. ಸುವರ್ಣಾ ಮಲಗಿಕೊಂಡೇ ಸಣ್ಣ ದನಿಯಲ್ಲಿ ಓದುತ್ತಿದ್ದಳು, ಅವ್ವ ನಾಲಿಗೆಗೆ ಬೆರಳು ಒತ್ತಿ ಹಾಳೆ ತಿರುವುತ್ತಿದ್ದಳು. ಆ ಪುಸ್ತಕ ವಜ್ಜ ಎಂದು ಅವ್ವನಿಗೆ ಇಪ್ಪತ್ಮೂರು ವರ್ಷದಲ್ಲಿ ಎಂದಾದರೂ ಗೊತ್ತಾಗಿದ್ದರೆ, ಮಗಳು ಒಬ್ಬಳೇ ಹಿಡಿಯಬೇಕಾಗಿರಲಿಲ್ಲ. ಗೊತ್ತಾಗದಂತೆ ಮಾಡಿದವನು ನಾನು.

ಅವ್ವ ತಲೆ ಎತ್ತಿ ನನ್ನನ್ನು ಕಂಡಳು. ಮತ್ತೆ ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದಳು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ನಾಲ್ಕು ತಾಸು.

ಹೊರಗೆ ಬಂದಾಗ ಸುವರ್ಣಾ ಮಗಳ ಮೇಲೆ ಭಾರ ಹಾಕಿ ನಡೆಯುತ್ತಿದ್ದಳು. ನನ್ನನ್ನು ನೋಡಿ ಸ್ವಲ್ಪ ನಕ್ಕಳು. ಅವ್ವ ಹಿಂದೆ, ಪುಸ್ತಕದ ಚೀಲ ಎದೆಗವಚಿಕೊಂಡು. ನನ್ನ ಮುಂದೆ ಬಂದು ನಿಂತಳು, ಉಸಿರು ಏರಿತ್ತು.

"ವಜ್ಜ ಅದ. ಹಿಡಿ" ಎಂದಳು.

ಒಂದು ತಿಂಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಚೀಲ ಹಿಡಿದು ಬಸ್ ನಿಲ್ದಾಣದವರೆಗೆ ಅವರ ಹಿಂದೆ ನಡೆದೆ. ಜೇವರ್ಗಿ ಬಸ್ಸು ನಿಂತಿತ್ತು. ಅವ್ವ ಹತ್ತಿ, ಮೆಟ್ಟಿಲ ಮೇಲೆ ನಿಂತು ಕೈ ಚಾಚಿದಳು. ನನ್ನನ್ನು ಹತ್ತಿಸಿಕೊಳ್ಳಲು ಅಲ್ಲ, ಚೀಲಕ್ಕೆ. ಕೊಟ್ಟೆ. ಬಸ್ಸು ಹೋಯಿತು. ಸೇತುವೆ ದಾಟುವಾಗ ಅವ್ವ ಯಾವ ಕಡೆ ನೋಡುತ್ತಾಳೆ ಎಂದು ಅಲ್ಲೇ ನಿಂತು ವಿಚಾರ ಮಾಡಿದೆ.

ಅಫಜಲಪುರದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತುಕೊಂಡೇ ಸಣ್ಣ ಪುಸ್ತಕ ತೆಗೆದೆ. ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದನ್ನು ಚರ್ಮದ ಪಟ್ಟಿಯೊಳಗೆ ತೂರಿಸಲು ನೋಡಿದೆ. ಹೋಗಲಿಲ್ಲ. ಬೆರಳಿನ ಗಿಣ್ಣಿಗೆ ಬಂದು ನಿಂತಿತು. ಅದು ಅವ್ವನ ಕೈ ಅಳತೆ.